ಮುಂದಿನ ವಾಯ್ದೆ ಯಾವತ್ತು?

ಪ್ರತಿ ವರ್ಷ ಸೆಪ್ಟೆಂಬರ್ 5ರ ರಾತ್ರಿ ಮಾವನ ಫೋನ್ ಬರುತ್ತದೆ. ಊಟ ಆಯ್ತಾ, ಅಲ್ಲಿ ಮಳೆ ಹೇಗಿದೆ, ಮಕ್ಕಳಿಗೆ ಪರೀಕ್ಷೆ ಯಾವಾಗ ಅಂತ ಎಲ್ಲ ಕೇಳುತ್ತಾರೆ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಆಮೇಲೆ ಬರುತ್ತದೆ ಆ ಪ್ರಶ್ನೆ. "ಗೌರಿ ಕೇಸು ಎಲ್ಲಿಗೆ ಬಂತು ಪುಟ್ಟಿ? ಮುಂದಿನ ವಾಯ್ದೆ ಯಾವತ್ತು?"

ಗೌರಿ ಅಂದರೆ ಪತ್ರಕರ್ತೆ ಗೌರಿ ಲಂಕೇಶ್. 2017ರಲ್ಲಿ ಅದೇ ದಿನ ರಾತ್ರಿ ಬೆಂಗಳೂರಿನಲ್ಲಿ ಅವರನ್ನು ಗುಂಡಿಟ್ಟು ಕೊಂದರು. ವಾಯ್ದೆ ಅಂದರೆ ಕೋರ್ಟಿನಲ್ಲಿ ಕೇಸು ಬರುವ ತಾರೀಖು. ಈ ವರ್ಷವೂ ಕೇಳಿದರು. ನನಗೆ ಗೊತ್ತಿರಲಿಲ್ಲ. "ನಡೀತಾ ಇದೆ ಮಾವ" ಅಂದೆ. ಅವರು "ಹೂಂ" ಅಂತ ಫೋನ್ ಇಟ್ಟರು. ಇಟ್ಟ ಮೇಲೆ ಆ ಮಾತು ನನ್ನನ್ನು ಬಿಡಲಿಲ್ಲ. ಮದುವೆ ಮನೆಯಲ್ಲಿ ಸಿಕ್ಕವರು ಜೀವನ ಹೇಗಿದೆ ಅಂತ ಕೇಳಿದರೆ ಹೀಗೇ ಹೇಳುತ್ತೇವಲ್ಲ, ನಡೀತಾ ಇದೆ ಅಂತ. ಒಂದು ಕೊಲೆಯ ಬಗ್ಗೆ ಕೇಳಿದಾಗಲೂ ನನ್ನ ಬಾಯಿಂದ ಅದೇ ಮಾತು, ಅದೇ ಧಾಟಿಯಲ್ಲಿ ಬಂದಿತ್ತು. 2017ರಲ್ಲಿ ರವೀಂದ್ರ ಕಲಾಕ್ಷೇತ್ರದಲ್ಲಿ ಗೌರಿಯ ಅಂತಿಮ ದರ್ಶನದ ಸಾಲಿನಲ್ಲಿ ನಿಂತು ಅತ್ತವಳು ನಾನು. ಎದೆಯ ಮೇಲೆ 'ನಾನೂ ಗೌರಿ' ಅಂತ ಬರೆದ ಹಾಳೆ ಹಿಡಿದುಕೊಂಡವಳು. ಎಂಟು ವರ್ಷದಲ್ಲಿ ಆ ಸಿಟ್ಟು ಎಲ್ಲಿ ಹೋಯಿತು? ಯಾರು ತೆಗೆದುಕೊಂಡು ಹೋದರು? ಒಂದು ವಾರದಿಂದ ಇದೇ ಯೋಚನೆ. ಬರೆದರೆ ಏನಾದರೂ ಗೊತ್ತಾಗಬಹುದು ಅಂತ ಕೂತಿದ್ದೇನೆ.

ರೆಕ್ಸಿನ್ ಬ್ಯಾಗು

ಮಾವ ಅಂದರೆ ಅಮ್ಮನ ಅಣ್ಣ. ಒಂದು ತಾಲ್ಲೂಕು ಕೇಂದ್ರದಲ್ಲಿ ಹನ್ನೊಂದು ವರ್ಷ ವಾರಪತ್ರಿಕೆ ನಡೆಸಿದರು. ನಾಲ್ಕು ಪುಟ, ಎರಡು ರೂಪಾಯಿ. ಸಂಪಾದಕರೂ ಅವರೇ, ವರದಿಗಾರರೂ ಅವರೇ. ಶುಕ್ರವಾರ ಬೆಳಿಗ್ಗೆ ಬಸ್‌ಸ್ಟ್ಯಾಂಡ್ ಹೋಟೆಲಿನಿಂದ ಹಿಡಿದು ತಾಲ್ಲೂಕು ಕಚೇರಿಯವರೆಗೆ ಸೈಕಲ್ಲಿನಲ್ಲಿ ಹಂಚುವವರೂ ಅವರೇ. ಅವರ ಮನೆಯ ನಡುಮನೆಯಲ್ಲಿ ಒಂದು ಕಡೆ ಭತ್ತದ ಚೀಲ, ಇನ್ನೊಂದು ಕಡೆ ಹಳೆ ಸಂಚಿಕೆಗಳ ಕಟ್ಟು. ಎರಡಕ್ಕೂ ಇಲಿ ಕಾಟ. ಅತ್ತೆಗೆ ಯಾವುದನ್ನು ಕಾಯಬೇಕು ಅನ್ನುವುದೇ ಚಿಂತೆ.

ಒಮ್ಮೆ ಅವರು ಪಡಿತರ ಅಕ್ಕಿಯ ಬಗ್ಗೆ ಬರೆದರು. ನ್ಯಾಯಬೆಲೆ ಅಂಗಡಿಗೆ ಬರಬೇಕಾದ ಚೀಲಗಳು ರಾತ್ರಿ ಒಂದು ರೈಸ್ ಮಿಲ್ಲಿನ ಹಿಂಬಾಗಿಲಿನಲ್ಲಿ ಇಳಿಯುತ್ತವೆ ಅಂತ. ಲಾರಿ ನಂಬರ್ ಸಮೇತ. ಹದಿನೈದು ದಿನಕ್ಕೆ ಕೋರ್ಟಿನ ಸಮನ್ಸ್ ಬಂತು. ಮಾನನಷ್ಟ ಮೊಕದ್ದಮೆ. ವರದಿ ಬಂದದ್ದು ನಮ್ಮ ಊರಿನ ಪತ್ರಿಕೆಯಲ್ಲಿ. ಕೇಸು ಬಿದ್ದದ್ದು ತೊಂಬತ್ತು ಕಿಲೋಮೀಟರ್ ಆಚೆಯ ಕೋರ್ಟಿನಲ್ಲಿ. ಅಲ್ಲಿ ಆ ಪತ್ರಿಕೆ ಓದುವವರು ಒಬ್ಬರೂ ಇರಲಿಲ್ಲ.

ಪಿಯುಸಿ ರಜೆಯಲ್ಲಿ ನಾನು ಒಂದು ಸಲ ಅವರ ಜೊತೆ ಹೋಗಿದ್ದೆ. ಬೆಳಿಗ್ಗೆ ಐದೂ ಮುಕ್ಕಾಲರ ಬಸ್ಸು. ಮಾವನ ಕೈಯಲ್ಲಿ ಕಂದು ಬಣ್ಣದ ರೆಕ್ಸಿನ್ ಬ್ಯಾಗು. ಅದರ ಜಿಪ್ಪು ಕಿತ್ತುಹೋಗಿ ಸೇಫ್ಟಿ ಪಿನ್ ಹಾಕಿತ್ತು. ಒಳಗೆ ಕೇಸಿನ ಕಾಗದ, ಆ ವರದಿ ಬಂದ ಸಂಚಿಕೆಯ ಐದು ಪ್ರತಿ, ಬಾಳೆಎಲೆಯಲ್ಲಿ ಸುತ್ತಿದ ಉಪ್ಪಿಟ್ಟು. ಹತ್ತೂವರೆಗೆ ಕೋರ್ಟಿನ ಕಟ್ಟೆಯ ಮೇಲೆ ಕೂತೆವು. ಒಂದು ಗಂಟೆ ಆಯಿತು, ಎರಡು ಗಂಟೆ ಆಯಿತು. ಹೆಸರು ಕೂಗುತ್ತಾರೆ ಅಂತ ಮಾವ ಊಟಕ್ಕೂ ಎದ್ದು ಹೋಗಲಿಲ್ಲ. ಬಾಗಿಲಿನ ಹತ್ತಿರವೇ ನಿಂತು ಉಪ್ಪಿಟ್ಟು ತಿಂದರು. ಕೊನೆಗೆ ನಾಲ್ಕು ಗಂಟೆಗೆ ಕೂಗಿದರು. ಒಳಗೆ ಹೋದವರು ಒಂದು ನಿಮಿಷಕ್ಕೆ ಆಚೆ ಬಂದರು. ಎದುರು ಕಡೆಯ ವಕೀಲರು ಸಮಯ ಕೇಳಿದ್ದರು. ಮುಂದಿನ ತಿಂಗಳಿಗೆ ವಾಯ್ದೆ ಬಿತ್ತು.

ಆಚೆ ಬಂದಾಗ ಅದೇ ವಕೀಲರು ಮಾವನ ಹೆಗಲ ಮೇಲೆ ಕೈ ಹಾಕಿ ಮಾತಾಡಿಸಿದರು. ಕೆಟ್ಟ ಮನುಷ್ಯ ಅಲ್ಲ. ನನಗೂ ಒಂದು ಪೆಪ್ಪರ್‌ಮಿಂಟ್ ಕೊಟ್ಟರು. "ಕೇಸು ಗೆಲ್ಲಬೇಕು ಅಂತ ನಮ್ಮ ಪಾರ್ಟಿಗೇನೂ ಇಲ್ಲ ಸ್ವಾಮಿ" ಅಂದರು. "ನೀವು ಬರ್ತಾ ಇದ್ರೆ ಸಾಕು ಅವರಿಗೆ." ಅದನ್ನು ಹೇಳುವಾಗ ಅವರ ದನಿಯಲ್ಲಿ ಒಂಥರಾ ಕನಿಕರವೇ ಇತ್ತು. ಅಷ್ಟು ಚಿಕ್ಕ ವಯಸ್ಸಿಗೂ ಆ ಮಾತು ನನಗೆ ಚುಚ್ಚಿತು. ಮಾವ ನಕ್ಕು ಸುಮ್ಮನಾದರು. ಬಸ್ಸಿನಲ್ಲಿ ಕೂತ ಮೇಲೆ ಟಿಕೆಟ್ಟಿನ ಹಿಂದೆ ಮುಂದಿನ ತಾರೀಖು ಬರೆದುಕೊಂಡರು. ಮನೆಗೆ ಬಂದು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕಿದರು.

ನಾಲ್ಕು ವರ್ಷದಲ್ಲಿ ಮೂವತ್ತೊಂದು ಕೆಂಪು ಸುತ್ತು. ವಾಯ್ದೆ ಹೆಚ್ಚಾಗಿ ಬುಧವಾರ, ಗುರುವಾರ ಬೀಳುತ್ತಿತ್ತು. ಪತ್ರಿಕೆಗೆ ಪುಟ ಕಟ್ಟುವ ದಿನವೂ ಅದೇ. ಮೊದಲು ಒಂದೊಂದು ವಾರ ತಪ್ಪಿತು. ಆಮೇಲೆ ಹದಿನೈದು ದಿನಕ್ಕೊಮ್ಮೆ ಆಯಿತು. ಕೊನೆಗೆ ರಾಜಿಯಾಯಿತು, ಪತ್ರಿಕೆ ನಿಂತಿತು. ಇನ್ನೊಂದು ಮಾತನ್ನೂ ಹೇಳಬೇಕು. ಆ ವರದಿಯಲ್ಲಿ ಒಂದು ತಪ್ಪಿತ್ತು. ಮಿಲ್ಲಿನ ಮಾಲೀಕರ ಹೆಸರಿನ ಬದಲು ಅವರ ತಮ್ಮನ ಹೆಸರು ಅಚ್ಚಾಗಿತ್ತು. ಮಾವ ಮುಂದಿನ ವಾರವೇ ಮೊದಲ ಪುಟದಲ್ಲಿ ತಿದ್ದುಪಡಿ ಹಾಕಿದ್ದರು. ಅದು ಯಾರಿಗೂ ಬೇಕಾಗಿರಲಿಲ್ಲ. ಗೆದ್ದವನು ಸೋತ, ಸೋತವನು ಸತ್ತ ಅಂತ ನಮ್ಮ ಕಡೆ ಕೋರ್ಟಿನ ಬಗ್ಗೆ ಹೇಳುತ್ತಾರೆ. ಮಾವ ಗೆಲ್ಲಲೂ ಇಲ್ಲ, ಸೋಲಲೂ ಇಲ್ಲ. ಸುಮ್ನೆ ಅಲೆದರು.

ಹುಬ್ಬಳ್ಳಿಗೆ ಹೋಗಿಬರುವ ದಾರಿ

ಮಾವನಿಗೆ ಗೌರಿ ಲಂಕೇಶ್ ಪರಿಚಯವೇನೂ ಇರಲಿಲ್ಲ. ಗೌರಿಯ ಅಪ್ಪ ಪಿ. ಲಂಕೇಶ್ ನಡೆಸುತ್ತಿದ್ದ 'ಲಂಕೇಶ್ ಪತ್ರಿಕೆ'ಯನ್ನು 1980ರ ಮೊದಲ ದಿನಗಳಿಂದ ಓದಿದವರು. ಜಾಹೀರಾತು ಇಲ್ಲದೆ ಪತ್ರಿಕೆ ನಡೆಸಬಹುದು ಅನ್ನುವ ಹುಚ್ಚು ಅವರಿಗೆ ಹತ್ತಿದ್ದೇ ಅಲ್ಲಿಂದ. 2000ದಲ್ಲಿ ಲಂಕೇಶ್ ಹೋದ ಮೇಲೆ ಮಗಳು ಬಂದರು, 2005ರಲ್ಲಿ ತಮ್ಮದೇ 'ಗೌರಿ ಲಂಕೇಶ್ ಪತ್ರಿಕೆ' ಶುರು ಮಾಡಿದರು. ಮಾವ ಅದನ್ನೂ ತರಿಸುತ್ತಿದ್ದರು. "ಅಪ್ಪನಷ್ಟು ಚೆನ್ನಾಗಿ ಬರೆಯಲ್ಲ. ಆದ್ರೆ ಅಪ್ಪನಿಗಿಂತ ಜಾಸ್ತಿ ಓಡಾಡ್ತಾಳೆ ಆ ಹುಡುಗಿ" ಅನ್ನುತ್ತಿದ್ದರು. ಆ ಹುಡುಗಿಗೆ ಆಗ ಐವತ್ತು ದಾಟಿತ್ತು.

ಮಾವನಿಗೆ ಗೌರಿ ನಿಜವಾಗಿ ಹತ್ತಿರವಾದದ್ದು 2016ರ ನವೆಂಬರಿನಲ್ಲಿ. ಹುಬ್ಬಳ್ಳಿಯ ನ್ಯಾಯಾಲಯ ಮಾನನಷ್ಟ ಪ್ರಕರಣದಲ್ಲಿ ಗೌರಿಗೆ ಆರು ತಿಂಗಳ ಸಜೆ ಕೊಟ್ಟಿತು. ಅವತ್ತೇ ಜಾಮೀನು ಸಿಕ್ಕಿತು ಅನ್ನುವುದು ಬೇರೆ ಮಾತು. ಆ ಪ್ರಕರಣಕ್ಕೆ ಕಾರಣವಾದ ವರದಿ ಅವರ ಪತ್ರಿಕೆಯಲ್ಲಿ ಬಂದದ್ದು 2008ರ ಜನವರಿಯಲ್ಲಿ. ಬೆಂಗಳೂರಿನಲ್ಲಿದ್ದ ಸಂಪಾದಕಿ, ನಾನೂರು ಕಿಲೋಮೀಟರ್ ಆಚೆಯ ಕೋರ್ಟು, ಎಂಟು ವರ್ಷ. ಮಾವ ಪೇಪರನ್ನು ಅತ್ತೆಯ ಮುಂದೆ ಹಿಡಿದು, "ನೋಡು, ಈಕೆದೂ ನನ್ನ ಕಥೆಯೇ" ಅಂದರಂತೆ.

ಆ ವರದಿ ಸರಿಯೋ ತಪ್ಪೋ ಅನ್ನುವುದು ನನ್ನ ಮಾತಲ್ಲ. ಬರೆದವರು ಆಧಾರ ಕೊಡಬೇಕು, ಕೊಡಲಿಲ್ಲ ಅಂದರೆ ಕೋರ್ಟು ಕೇಳಲೇಬೇಕು. ಪತ್ರಕರ್ತರಿಗೆ ಅದರಿಂದ ವಿನಾಯಿತಿ ಬೇಡ. ನನ್ನ ತಕರಾರು ಇರುವುದು ಜೈಲಿನ ಬಗ್ಗೆ, ಅಲೆದಾಟದ ಬಗ್ಗೆ. ನಮ್ಮಲ್ಲಿ ಮಾನನಷ್ಟ ಇನ್ನೂ ಕ್ರಿಮಿನಲ್ ಅಪರಾಧ. ಎರಡು ವರ್ಷದವರೆಗೆ ಸಜೆ ಕೊಡಬಹುದು. 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಈ ಕಾನೂನನ್ನು ಎತ್ತಿಹಿಡಿಯಿತು. ಆಮೇಲೆ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. 499, 500ನೇ ಸೆಕ್ಷನ್ನುಗಳ ಜಾಗಕ್ಕೆ 356 ಬಂತು. ನಂಬರ್ ಬದಲಾಯಿತು, ಐದೂ ಮುಕ್ಕಾಲರ ಬಸ್ಸು ಬದಲಾಗಲಿಲ್ಲ.

ಆ ರಾತ್ರಿ

2017ರ ಸೆಪ್ಟೆಂಬರ್ 5 ಮಂಗಳವಾರ. ಅನಂತ ಚತುರ್ದಶಿ. ನಮ್ಮ ಬೀದಿಯ ಗಣಪತಿಯನ್ನು ಬಿಡಲು ಹುಡುಗರು ಟೆಂಪೋ ಸಿಂಗಾರ ಮಾಡಿದ್ದರು. ತಮಟೆ ಜೋರಾಗಿತ್ತು, ಪಟಾಕಿ ಬೇರೆ. ನಾನು ಬಾಲ್ಕನಿಯಲ್ಲಿ ಮಗನನ್ನು ಎತ್ತಿಕೊಂಡು ನಿಂತಿದ್ದೆ. ಎಂಟೂವರೆ ಆಗಿರಬೇಕು. ಒಳಗೆ ಟಿವಿಯಲ್ಲಿ ಏನೋ ಬರುತ್ತಿದೆ ಅಂತ ಗಂಡ ಕರೆದರು. ತಮಟೆ ಸದ್ದಿಗೆ ನನಗೆ ಕೇಳಿಸಲಿಲ್ಲ. ಅವರು ಬಾಗಿಲಿಗೆ ಬಂದು ಕೈಸನ್ನೆ ಮಾಡಿದರು. ಒಳಗೆ ಹೋದೆ. ಪರದೆಯ ಕೆಳಗೆ ಕೆಂಪು ಪಟ್ಟಿಯಲ್ಲಿ ಹೆಸರು ಓಡುತ್ತಿತ್ತು.

ಕಚೇರಿ ಮುಗಿಸಿ ರಾಜರಾಜೇಶ್ವರಿ ನಗರದ ಮನೆಗೆ ಬಂದು, ಕಾರಿನಿಂದ ಇಳಿದು, ಗೇಟು ತೆಗೆಯುವಷ್ಟರಲ್ಲಿ ಗುಂಡು ಹಾರಿತ್ತು. ಆ ಗೇಟಿನ ದೃಶ್ಯ ಆಮೇಲೆ ನೂರಾರು ಸಲ ಟಿವಿಯಲ್ಲಿ ಬಂತು. ನನಗೆ ಈಗಲೂ ಕಾಡುವುದು ಆ ಗೇಟೇ. ಒಬ್ಬಳೇ ಇರುವ ಹೆಂಗಸು ರಾತ್ರಿ ಮನೆಗೆ ಬಂದಾಗ ಮಾಡುವ ಕೆಲಸ ಅದು. ಕಾರು ನಿಲ್ಲಿಸಿ, ಇಳಿದು, ಚಿಲಕ ತೆಗೆದು, ಮತ್ತೆ ಹತ್ತಿ, ಒಳಗೆ ಬಿಟ್ಟು, ಮತ್ತೆ ಇಳಿದು ಚಿಲಕ ಹಾಕುವುದು. ಬೇರೆಯವರಿದ್ದರೆ ಅವರು ತೆಗೆಯುತ್ತಿದ್ದರು. ಕಾದಿದ್ದವರಿಗೆ ಇದು ಚೆನ್ನಾಗಿ ಗೊತ್ತಿತ್ತು.

ಮಾರನೆಯ ದಿನ ಕಲಾಕ್ಷೇತ್ರಕ್ಕೆ ಹೋದೆ. ನನ್ನ ಮುಂದೆ ಒಬ್ಬ ವಯಸ್ಸಾದವರು ನಿಂತಿದ್ದರು, ಕೈಯಲ್ಲಿ ಪತ್ರಿಕೆಯ ಹಳೆ ಸಂಚಿಕೆ ಸುರುಳಿ ಸುತ್ತಿಕೊಂಡು. ಯಾವ ಊರು ಅಂದೆ. ಮಂಡ್ಯದ ಕಡೆ ಅಂದರು. ಬೆಳಗಿನ ರೈಲಿಗೆ ಬಂದಿದ್ದರು. ಗೌರಿಯನ್ನು ಒಮ್ಮೆಯೂ ನೋಡಿರಲಿಲ್ಲವಂತೆ. "ಇವತ್ತೇ ಮೊದಲು ನೋಡೋದು" ಅಂತ ಹೇಳಿ ಮುಖ ಆಚೆ ತಿರುಗಿಸಿಕೊಂಡರು. ಸಂಜೆ ಚಾಮರಾಜಪೇಟೆಯ ರುದ್ರಭೂಮಿಯಲ್ಲಿ ಸರ್ಕಾರಿ ಗೌರವದೊಂದಿಗೆ ಮಣ್ಣು ಮಾಡಿದರು.

ಗೌರಿಯ ಕೊನೆಯ ಸಂಪಾದಕೀಯ ಸುಳ್ಳು ಸುದ್ದಿಯ ಬಗ್ಗೆ ಇತ್ತು. ಗಣೇಶನ ಹಬ್ಬಕ್ಕೆ ಸರ್ಕಾರ ಏನೇನೋ ನಿರ್ಬಂಧ ಹಾಕಿದೆ ಅಂತ ಆಗ ವಾಟ್ಸಾಪಿನಲ್ಲಿ ಒಂದು ಸುಳ್ಳು ಓಡಾಡುತ್ತಿತ್ತು. ಅದನ್ನು ಬಿಡಿಸಿ ಹೇಳಿದ್ದರು. ಆ ಸಂಚಿಕೆಯ ಮೇಲಿದ್ದ ತಾರೀಖು ಸೆಪ್ಟೆಂಬರ್ 13. ಅವರು ಹೋಗಿ ಎಂಟು ದಿನ ಆಗಿತ್ತು.

ಆಕೆ ಪತ್ರಕರ್ತೆಯೇ?

ಆಗಿನಿಂದಲೂ ಒಂದು ಪ್ರಶ್ನೆ ಕೇಳಿಬರುತ್ತದೆ. ಗೌರಿ ನಿಜವಾಗಿ ಪತ್ರಕರ್ತೆಯೋ, ಹೋರಾಟಗಾರ್ತಿಯೋ? ಪ್ರಚಾರ ಸಂಖ್ಯೆ ಎಷ್ಟಿತ್ತು? ಕೊಂದದ್ದು ಬರವಣಿಗೆಗೋ, ಭಾಷಣಕ್ಕೋ? ಕೇಳುವವರಲ್ಲಿ ಕೆಲವರು ಪ್ರಾಮಾಣಿಕವಾಗಿಯೇ ಕೇಳುತ್ತಾರೆ. ಆದರೆ ಕನ್ನಡದ ಸಣ್ಣ ಪತ್ರಿಕೆಗಳನ್ನು ಓದಿ ಬೆಳೆದವರಿಗೆ ಈ ಗೆರೆ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಲಂಕೇಶ್ ಕಾಲದಲ್ಲಿ ಪತ್ರಿಕೆಯ ಓದುಗರೇ ಚಳವಳಿಯಲ್ಲಿದ್ದರು, ಚಳವಳಿಯವರೇ ಪತ್ರಿಕೆಗೆ ಬರೆದರು. ಮಾವ ಬೆಳಿಗ್ಗೆ ಪಡಿತರ ಅಕ್ಕಿಯ ಬಗ್ಗೆ ಬರೆದು, ಮಧ್ಯಾಹ್ನ ಅದೇ ಅಂಗಡಿಯ ಮುಂದೆ ಧರಣಿ ಕೂತವರಿಗೆ ನೀರು ತಂದುಕೊಡುತ್ತಿದ್ದರು. ಅವರನ್ನು ಏನಂತ ಕರೆಯುವುದು? ಪತ್ರಕರ್ತೆ ಅಲ್ಲ ಅಂದುಬಿಟ್ಟರೆ ಸಾವು ಚಿಕ್ಕದಾಗುತ್ತದೆ, ಪತ್ರಿಕಾ ಸ್ವಾತಂತ್ರ್ಯಕ್ಕೂ ಅದಕ್ಕೂ ಸಂಬಂಧವಿಲ್ಲ ಅಂತ ಆಗುತ್ತದೆ. ಅದಕ್ಕೇ ಈ ಪ್ರಶ್ನೆ ನನಗೆ ಅಷ್ಟು ಇಷ್ಟವಾಗುವುದಿಲ್ಲ.

ಒಂದೇ ಪಿಸ್ತೂಲು

ಈಗ ಕೇಸಿಗೆ ಬರುತ್ತೇನೆ. ಮಾವನಿಗೆ ನಾನು ಹೇಳಬೇಕಾಗಿದ್ದದ್ದು ಇದು.

ಕೊಲೆಯಾದ ಮರುದಿನವೇ ವಿಶೇಷ ತನಿಖಾ ತಂಡ ರಚನೆಯಾಯಿತು. ಬಿ.ಕೆ. ಸಿಂಗ್ ಮುಖ್ಯಸ್ಥರು, ಎಂ.ಎನ್. ಅನುಚೇತ್ ತನಿಖಾಧಿಕಾರಿ. ಆರು ತಿಂಗಳು ಏನೂ ಗೊತ್ತಾಗಲಿಲ್ಲ. 2018ರ ಮಾರ್ಚಿನಲ್ಲಿ ಮೊದಲ ಬಂಧನ. ಅದೇ ನವೆಂಬರಿನಲ್ಲಿ 9,235 ಪುಟಗಳ ಆರೋಪಪಟ್ಟಿ, 18 ಆರೋಪಿಗಳು. ಅವರಲ್ಲಿ ಒಬ್ಬ ಇನ್ನೂ ಸಿಕ್ಕಿಲ್ಲ. ನಮ್ಮ ಪೊಲೀಸರ ಬಗ್ಗೆ ದೂರು ಹೇಳುವುದು ಸುಲಭ. ಆದರೆ ಈ ತಂಡ ಮಾಡಿದ ಕೆಲಸವನ್ನು ನೆನೆಯಲೇಬೇಕು.

ಯಾಕೆ ಅಂದರೆ, ಇದಕ್ಕೂ ಮೊದಲು ಮೂವರು ಹೋಗಿದ್ದರು. 2013ರ ಆಗಸ್ಟ್ 20ರಂದು ಪುಣೆಯಲ್ಲಿ, ಮೂಢನಂಬಿಕೆಯ ವಿರುದ್ಧ ಹೋರಾಡುತ್ತಿದ್ದ ನರೇಂದ್ರ ದಾಭೋಲ್ಕರ್. 2015ರ ಫೆಬ್ರವರಿಯಲ್ಲಿ ಕೊಲ್ಹಾಪುರದಲ್ಲಿ ಎಡಪಂಥೀಯ ನಾಯಕ ಗೋವಿಂದ ಪಾನ್ಸರೆ. ಅದೇ ವರ್ಷ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣ ನಗರದಲ್ಲಿ, ಮನೆ ಬಾಗಿಲಲ್ಲಿ, ನಮ್ಮ ಸಂಶೋಧಕ ಎಂ.ಎಂ. ಕಲಬುರ್ಗಿ ಅವರು. ಎಲ್ಲ ಕಡೆಯೂ ಬೈಕಿನಲ್ಲಿ ಬಂದವರು, ಗುಂಡು ಹೊಡೆದು ಹೋದವರು. ಕಲಬುರ್ಗಿಯವರನ್ನೂ ಗೌರಿಯನ್ನೂ ಕೊಂದದ್ದು ಒಂದೇ 7.65 ಎಂಎಂ ನಾಡ ಪಿಸ್ತೂಲು ಅಂತ ವಿಧಿವಿಜ್ಞಾನ ಪ್ರಯೋಗಾಲಯ ಹೇಳಿತು. ಧಾರವಾಡದಿಂದ ರಾಜರಾಜೇಶ್ವರಿ ನಗರಕ್ಕೆ ಎರಡು ವರ್ಷ. ಆ ಎರಡು ವರ್ಷ ಆ ಪಿಸ್ತೂಲು ಎಲ್ಲೋ ಒಂದು ಮನೆಯಲ್ಲಿ, ಯಾವುದೋ ಬಟ್ಟೆಯಲ್ಲಿ ಸುತ್ತಿಕೊಂಡು, ಆರಾಮಾಗಿ ಕೂತಿತ್ತು. ಕಲಬುರ್ಗಿಯವರ ಕೊಲೆಗೆ ನ್ಯಾಯ ಸಿಗಲಿ ಅಂತ ಗೌರಿ ಬೀದಿಗಿಳಿದು ಕೂಗಿದ್ದರು. ಆ ಕೂಗನ್ನು ಹೊತ್ತಿಗೆ ಸರಿಯಾಗಿ ಕೇಳಿದ್ದರೆ ಗೌರಿ ಇವತ್ತು ಇರುತ್ತಿದ್ದರು. ಇದನ್ನು ನಾನು ಊಹೆಯಾಗಿ ಹೇಳುತ್ತಿಲ್ಲ. ಆ ಪಿಸ್ತೂಲು 2016ರಲ್ಲಿ ಪೊಲೀಸರ ಕೈ ಸೇರಿದ್ದರೆ ಅದರಿಂದ 2017ರಲ್ಲಿ ಗುಂಡು ಹಾರುತ್ತಿರಲಿಲ್ಲ.

ಹಾಗೆಯೇ ತಿರುಗಿಸಿಯೂ ನೋಡಬಹುದು. ಗೌರಿ ಕೇಸಿನ ತನಿಖೆ ಚೆನ್ನಾಗಿ ನಡೆದದ್ದರಿಂದ ದಾಭೋಲ್ಕರ್ ಕೇಸಿನ ಗಂಟೂ ಸಡಿಲವಾಯಿತು. 2018ರ ಆಗಸ್ಟಿನಲ್ಲಿ ಮಹಾರಾಷ್ಟ್ರದಲ್ಲಿ ಬಂಧನಗಳಾದವು. 2024ರ ಮೇ 10ರಂದು ಪುಣೆಯ ನ್ಯಾಯಾಲಯ ಇಬ್ಬರಿಗೆ ಜೀವಾವಧಿ ಕೊಟ್ಟಿತು, ಮೂವರನ್ನು ಬಿಟ್ಟಿತು. ಉಮಾದೇವಿ ಕಲಬುರ್ಗಿಯವರು ಸುಪ್ರೀಂ ಕೋರ್ಟಿಗೆ ಹೋದದ್ದರಿಂದ ಪತಿಯ ಕೇಸನ್ನೂ 2019ರಲ್ಲಿ ಇದೇ ತಂಡಕ್ಕೆ ಕೊಟ್ಟರು. ಕೊಲ್ಲಬೇಕು ಅಂತ ಗುರುತು ಹಾಕಿಕೊಂಡಿದ್ದ ಇನ್ನೂ ಕೆಲವು ಹೆಸರುಗಳ ಪಟ್ಟಿ ಸಿಕ್ಕಿದೆ ಅಂತ ತನಿಖಾ ತಂಡ ಹೇಳಿತು, ಗಿರೀಶ ಕಾರ್ನಾಡರ ಹೆಸರೂ ಅದರಲ್ಲಿತ್ತು. ಮೊದಲ ವರ್ಷದ ನೆನಪಿನ ಸಭೆಗೆ ಕಾರ್ನಾಡರು ಮೂಗಿಗೆ ಆಮ್ಲಜನಕದ ನಳಿಕೆ ಹಾಕಿಕೊಂಡು, ಕೊರಳಿಗೆ ಫಲಕ ತೂಗಿಹಾಕಿಕೊಂಡು ಬಂದು ಕೂತಿದ್ದರು. ಉಸಿರಾಡುವುದೇ ಕಷ್ಟವಾಗಿದ್ದ ಮನುಷ್ಯ.

ಜಾಮೀನು ಮತ್ತು ಹಾರ

ಆರೋಪಪಟ್ಟಿ 2018ರಲ್ಲಿ. ವಿಚಾರಣೆ ಶುರುವಾದದ್ದು 2022ರ ಜುಲೈಯಲ್ಲಿ. ನಡುವೆ ಕೋಕಾ, ಅಂದರೆ ಸಂಘಟಿತ ಅಪರಾಧ ತಡೆಯುವ ಕರ್ನಾಟಕದ ಕಾಯ್ದೆ, ಅನ್ವಯಿಸುತ್ತದೋ ಇಲ್ಲವೋ ಅನ್ನುವ ಜಗಳ. ಒಬ್ಬ ಆರೋಪಿಯ ಮೇಲಿನ ಕೋಕಾ ಆರೋಪವನ್ನು ಹೈಕೋರ್ಟ್ 2021ರ ಏಪ್ರಿಲಿನಲ್ಲಿ ತೆಗೆದುಹಾಕಿತು. ತಂಗಿ ಕವಿತಾ ಲಂಕೇಶ್ ದೆಹಲಿಗೆ ಹೋದರು. ಅಕ್ಟೋಬರ್ 21ರಂದು ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಸೇರಿಸಿತು. ಅಕ್ಕ ಹುಬ್ಬಳ್ಳಿಗೆ ಅಲೆದಿದ್ದರು, ತಂಗಿ ದೆಹಲಿಗೆ ಅಲೆದರು.

2023ರ ಡಿಸೆಂಬರಿನಲ್ಲಿ ಅದೇ ಆರೋಪಿಗೆ ಹೈಕೋರ್ಟ್ ಜಾಮೀನು ಕೊಟ್ಟಿತು. ಐದು ವರ್ಷಕ್ಕಿಂತ ಜಾಸ್ತಿ ಜೈಲಿನಲ್ಲಿದ್ದಾನೆ, 527 ಸಾಕ್ಷಿಗಳಲ್ಲಿ ಇನ್ನೂ 90 ಜನರ ವಿಚಾರಣೆಯಷ್ಟೇ ಮುಗಿದಿದೆ, ಇದು ಬೇಗ ಮುಗಿಯುವ ಹಾಗೆ ಕಾಣುವುದಿಲ್ಲ ಅನ್ನುವ ಕಾರಣಕ್ಕೆ. ಆಮೇಲೆ ಒಬ್ಬೊಬ್ಬರಿಗೇ ಸಿಕ್ಕಿತು. 2025ರ ಜನವರಿಗೆ ಬಂಧಿತರಾದ 17 ಜನರಿಗೂ ಈ ಪ್ರಕರಣದಲ್ಲಿ ಜಾಮೀನು ಆಗಿತ್ತು. ಸುದ್ದಿ ಓದಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು. ಆದರೂ ಕೋರ್ಟು ಮಾಡಿದ್ದು ತಪ್ಪು ಅಂತ ಹೇಳಲು ನನ್ನ ಮನಸ್ಸು ಒಪ್ಪುವುದಿಲ್ಲ. ತೀರ್ಪಿಲ್ಲದೆ ಯಾರನ್ನಾದರೂ ವರ್ಷಗಟ್ಟಲೆ ಒಳಗಿಡಬಹುದು ಅಂತ ಒಪ್ಪಿಕೊಂಡರೆ, ನಾಳೆ ಹಾಗೆ ಒಳಗೆ ಹೋಗುವವರು ಪತ್ರಕರ್ತರೇ. ಆಗಲೇ ಹೋಗಿದ್ದಾರೆ ಕೂಡ. ಆ ಹದಿನೇಳು ಜನರಲ್ಲಿ ಯಾರಾದರೂ ನಿರಪರಾಧಿ ಇದ್ದರೆ, ಅವರ ವಯಸ್ಸಿನ ಆರೇಳು ವರ್ಷವನ್ನು ಯಾರು ವಾಪಸ್ ಕೊಡುತ್ತಾರೆ? ತಡ ಅನ್ನುವುದು ಎರಡೂ ಕಡೆಗೆ ಅನ್ಯಾಯ.

ಆದರೆ ಹಾರ? 2024ರ ಅಕ್ಟೋಬರಿನಲ್ಲಿ ಇಬ್ಬರು ಆರೋಪಿಗಳು ಜಾಮೀನಿನ ಮೇಲೆ ಬಿಡುಗಡೆಯಾಗಿ ಬಂದಾಗ ವಿಜಯಪುರದಲ್ಲಿ ಅವರಿಗೆ ಹಾರ ಹಾಕಿದರು, ಶಾಲು ಹೊದಿಸಿದರು. ಆ ಫೋಟೋ ನೋಡಿದಾಗ ನನಗೆ ಆರೋಪಿಗಳ ಮುಖದ ಕಡೆ ಗಮನ ಹೋಗಲಿಲ್ಲ. ಹಾರ ಹಾಕುತ್ತಿದ್ದವರ ಕೈ ನೋಡಿದೆ. ಇವರು ಕೊಲೆ ಮಾಡಿಲ್ಲ ಅಂತ ಆ ಕೈಗಳು ನಂಬಿದ್ದರೆ, ಕೋರ್ಟು ಬಿಡುವವರೆಗೆ ಕಾಯುತ್ತಿದ್ದವು. ಜಾಮೀನಿಗೇ ಹಾರ ಹಾಕಿದ್ದು ಯಾಕೆ? ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಬೇರೆ ಊರುಗಳ ಅಲೆದಾಟ

ಗೌರಿ ಹೋಗಿ ನಲವತ್ತೊಂದನೆಯ ದಿನ, 2017ರ ಅಕ್ಟೋಬರ್ 16ರಂದು, ಮಾಲ್ಟಾ ಎಂಬ ಪುಟ್ಟ ದೇಶದಲ್ಲಿ ಡಾಫ್ನೆ ಕರುವಾನಾ ಗಲೀಜಿಯಾ ಎಂಬ ಪತ್ರಕರ್ತೆಯ ಕಾರಿಗೆ ಬಾಂಬ್ ಇಟ್ಟು ಕೊಂದರು. ಒಬ್ಬರೇ ಕೂತು ಬರೆಯುತ್ತಿದ್ದ ಹೆಂಗಸು. ದೊಡ್ಡವರ ಹಣದ ವ್ಯವಹಾರ ಬಯಲು ಮಾಡುತ್ತಿದ್ದರು. ಸತ್ತ ದಿನ ಅವರ ಮೇಲೆ 47 ಮಾನನಷ್ಟ ಮೊಕದ್ದಮೆಗಳು ಬಾಕಿ ಇದ್ದವು. ಸತ್ತ ಮೇಲೂ ಅವುಗಳಲ್ಲಿ ಎಷ್ಟೋ ಕೇಸುಗಳು ನಿಲ್ಲಲಿಲ್ಲ, ಗಂಡ ಮಕ್ಕಳ ಹೆಗಲಿಗೆ ಬಂದವು. ಇದನ್ನು ಓದಿದಾಗ ಮಾವನ ರೆಕ್ಸಿನ್ ಬ್ಯಾಗು ಕಣ್ಣಮುಂದೆ ಬಂತು.

ಅಲ್ಲಿನ ರಾಜಧಾನಿ ವಲೆಟ್ಟಾದಲ್ಲಿ, ಕೋರ್ಟಿನ ಎದುರಿಗೇ, ಒಂದು ಹಳೆಯ ಸ್ಮಾರಕ ಇದೆ. ಜನ ಅದರ ಬುಡದಲ್ಲಿ ಡಾಫ್ನೆಯ ಫೋಟೋ ಇಟ್ಟು ಹೂವು, ಮೇಣದಬತ್ತಿ ಇಟ್ಟರು. ಸರ್ಕಾರದ ಕಡೆಯವರು ಬಂದು ಎಲ್ಲ ಗುಡಿಸಿ ಹಾಕಿದರು. ಜನ ಮತ್ತೆ ಇಟ್ಟರು. ಮತ್ತೆ ಗುಡಿಸಿದರು, ಮತ್ತೆ ಇಟ್ಟರು. ದಿನಾ. ನಮ್ಮಲ್ಲಿ ಬಾಗಿಲ ಮುಂದಿನ ರಂಗೋಲಿ ಹೇಗೆ ಅಳಿಸಿಹೋಗುತ್ತದೋ, ಬೆಳಿಗ್ಗೆ ಎದ್ದು ಮತ್ತೆ ಹೇಗೆ ಹಾಕುತ್ತೇವೋ ಹಾಗೆ. ಯಾರೂ ಇದನ್ನು ದೊಡ್ಡ ತ್ಯಾಗ ಅಂದುಕೊಳ್ಳಲಿಲ್ಲ ಅನ್ನಿಸುತ್ತದೆ. ಕೆಲಸಕ್ಕೆ ಹೋಗುವ ದಾರಿಯಲ್ಲಿ ಎರಡು ಹೂವು ಇಟ್ಟು ಹೋಗುವುದು. 2020ರ ಜನವರಿಯಲ್ಲಿ ಅಲ್ಲಿನ ನ್ಯಾಯಾಲಯ, ಹೂವು ತೆಗೆಸಿದ್ದು ಅಭಿವ್ಯಕ್ತಿ ಸ್ವಾತಂತ್ರ್ಯದ ಉಲ್ಲಂಘನೆ ಅಂತ ತೀರ್ಪು ಕೊಟ್ಟಿತು. ಅದೇ ತಿಂಗಳು ಪ್ರಧಾನಿ ಕುರ್ಚಿ ಬಿಟ್ಟರು. 2021ರ ಸಾರ್ವಜನಿಕ ತನಿಖೆ ಈ ಸಾವಿಗೆ ಸರ್ಕಾರವೇ ಹೊಣೆ ಅಂದಿತು. ಬಾಂಬ್ ಇಟ್ಟ ಅಣ್ಣತಮ್ಮಂದಿರಿಗೆ 2022ರಲ್ಲಿ 40 ವರ್ಷ ಶಿಕ್ಷೆಯಾಯಿತು. ಬಾಯಿ ಮುಚ್ಚಿಸಲು ಹಾಕುವ ಮೊಕದ್ದಮೆಗಳ ವಿರುದ್ಧ 2024ರಲ್ಲಿ ಯುರೋಪಿಯನ್ ಒಕ್ಕೂಟ ಒಂದು ಕಾನೂನು ತಂದಿತು. ಜನ ಅದನ್ನು ಕರೆಯುವುದು ಡಾಫ್ನೆ ಕಾನೂನು ಅಂತಲೇ. ನನಗೆ ಇದರಲ್ಲಿ ಮುಖ್ಯ ಅನ್ನಿಸುವುದು, ಕೊಂದವರ ಹಿಂದೆ ಬಿದ್ದ ಹಾಗೆ ಅವರು ಆ 47 ಕೇಸುಗಳ ಹಿಂದೆಯೂ ಬಿದ್ದರು. ಬಾಂಬಿಗೆ ಮೊದಲು ಏನಾಗಿತ್ತು ಅಂತ ಕೇಳಿದರು. ನಾವು ಹುಬ್ಬಳ್ಳಿಯ ಬಗ್ಗೆ ಕೇಳಿದ್ದೇವಾ?

ಅಷ್ಟು ದೂರ ಯಾಕೆ, ಹರಿಯಾಣದ ಸಿರ್ಸಾ ಇದೆ. 'ಪೂರಾ ಸಚ್' ಅಂತ ಒಂದು ಸಂಜೆ ಪತ್ರಿಕೆ. ಸಂಪಾದಕ ರಾಮ್ ಚಂದರ್ ಛತ್ರಪತಿ. ಒಂದು ಡೇರಾದೊಳಗೆ, ಅಂದರೆ ಬಾಬಾ ಒಬ್ಬನ ಆಶ್ರಮದೊಳಗೆ, ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ನಡೆಯುತ್ತಿದೆ ಅಂತ ಒಬ್ಬಾಕೆ ಹೆಸರು ಹಾಕದೆ ಬರೆದ ಪತ್ರವನ್ನು 2002ರಲ್ಲಿ ಅಚ್ಚು ಹಾಕಿದರು. ದೊಡ್ಡ ಪತ್ರಿಕೆಗಳು ಮುಟ್ಟದ ಪತ್ರ. ಅದೇ ಅಕ್ಟೋಬರಿನಲ್ಲಿ ಮನೆ ಮುಂದೆ ಗುಂಡು ಬಿತ್ತು, ನವೆಂಬರಿನಲ್ಲಿ ತೀರಿಕೊಂಡರು. ಮಗ ಅಂಶುಲ್‌ಗೆ ಆಗಿನ್ನೂ ಇಪ್ಪತ್ತರ ಆಸುಪಾಸು. ಅವರೇ ಪತ್ರಿಕೆಯನ್ನೂ ನಡೆಸಿ, ಕೇಸನ್ನೂ ನಡೆಸಿದರು. ಸಿಬಿಐ ವಿಶೇಷ ನ್ಯಾಯಾಲಯ ಡೇರಾ ಮುಖ್ಯಸ್ಥನಿಗೆ ಜೀವಾವಧಿ ಕೊಟ್ಟದ್ದು 2019ರ ಜನವರಿಯಲ್ಲಿ. ಹದಿನಾರು ವರ್ಷ. ಆ ಹುಡುಗನ ಯೌವನ ಪೂರ್ತಿ ವಾಯ್ದೆಗಳಲ್ಲಿ ಹೋಯಿತು.

ಇನ್ನು ಛತ್ತೀಸಗಡದ ಬಿಜಾಪುರದ ಮುಕೇಶ್ ಚಂದ್ರಾಕರ್. ರಸ್ತೆ ಕಾಮಗಾರಿಯ ಅಕ್ರಮ ತೋರಿಸಿದ ಹುಡುಗ. 2025ರ ಹೊಸ ವರ್ಷದ ದಿನ ಕಾಣೆಯಾದರು, ಜನವರಿ 3ರಂದು ಶವ ಒಬ್ಬ ಗುತ್ತಿಗೆದಾರನ ಜಾಗದ ಸೆಪ್ಟಿಕ್ ಟ್ಯಾಂಕಿನಲ್ಲಿ ಸಿಕ್ಕಿತು. ಅದರ ಮೇಲೆ ಹೊಸ ಕಾಂಕ್ರೀಟ್ ಹಾಕಿದ್ದರು. ಆ ಛತ್ತೀಸಗಡದಲ್ಲಿ ಮಾಧ್ಯಮದವರ ರಕ್ಷಣೆಗೆ ಅಂತ 2023ರಲ್ಲೇ ವಿಧಾನಸಭೆ ಮಸೂದೆ ಪಾಸು ಮಾಡಿತ್ತು. ಜಗತ್ತಿನಲ್ಲಿ ಪತ್ರಕರ್ತರ ಕೊಲೆಗಳಲ್ಲಿ ನೂರಕ್ಕೆ ಎಂಬತ್ತೈದು ಶಿಕ್ಷೆಯಿಲ್ಲದೆ ಉಳಿಯುತ್ತವೆ ಅಂತ ಯುನೆಸ್ಕೋ ಲೆಕ್ಕ ಹೇಳುತ್ತದೆ. ಆ ಲೆಕ್ಕದೊಳಗೆ ಹೋಗಿ ನೋಡಿದರೆ ಎಲ್ಲ ಕಡೆಯೂ ಒಂದೇ ಕಥೆ. ಯಾರೂ ಬಂದು ಕೇಸನ್ನು ಮುಚ್ಚಿಹಾಕುವುದಿಲ್ಲ. ಮುಂದಕ್ಕೆ ಹಾಕುತ್ತಾರೆ, ಅಷ್ಟೇ. ಕೇಳುವವರು ಒಬ್ಬೊಬ್ಬರೇ ಸುಸ್ತಾಗುತ್ತಾರೆ.

ನಾನೂ ಹಾಗೆ ಸುಸ್ತಾದವಳೇ. ಮಾವನಿಗೆ "ನಡೀತಾ ಇದೆ" ಅಂದದ್ದು ಅದಕ್ಕೇ. ಗೌರಿಗೆ ಒಂದು ವರದಿಯ ಮೇಲೆ ಸಜೆಯಾಗಲು ಎಂಟು ವರ್ಷ ಹಿಡಿಯಿತು. ಆ ಎಂಟು ವರ್ಷ ಪ್ರತಿ ವಾಯ್ದೆಯನ್ನೂ ಅವರ ಎದುರಾಳಿಗಳು ನೆನಪಿಟ್ಟಿದ್ದರು. ಗೌರಿಯ ಕೊಲೆಗೂ ಈಗ ಎಂಟು ವರ್ಷ. ನನಗೆ ಒಂದು ತಾರೀಖೂ ಗೊತ್ತಿಲ್ಲ.

ನಿನ್ನೆ ಸಂಜೆ ಮಗನನ್ನು ಕೂರಿಸಿಕೊಂಡು ಇ-ಕೋರ್ಟ್ಸ್ ಜಾಲತಾಣದಲ್ಲಿ ಹುಡುಕಿದೆ. ಬಾಲ್ಕನಿಯಲ್ಲಿ ಅವತ್ತು ನನ್ನ ಕಂಕುಳಲ್ಲಿದ್ದವನು ಈಗ ಹತ್ತು ವರ್ಷದ ಹುಡುಗ. ಇದು ಯಾರ ಕೇಸಮ್ಮ ಅಂತ ಕೇಳಿದ. ಹೇಳಿದೆ. ಗೇಟಿನ ಬಗ್ಗೆ ಹೇಳಲಿಲ್ಲ, ಪತ್ರಿಕೆಯ ಬಗ್ಗೆ ಹೇಳಿದೆ. ಅರ್ಧ ಗಂಟೆ ತಡಕಾಡಿದ ಮೇಲೆ ಪುಟ ತೆರೆಯಿತು. ಹಿಂದಿನ ವಾಯ್ದೆಗಳ ಉದ್ದನೆಯ ಪಟ್ಟಿ, ಕೆಳಗೆ ಮುಂದಿನ ತಾರೀಖು.

ಮಾವನಿಗೆ ಫೋನ್ ಮಾಡಿದೆ. ಅವರಿಗೆ ಈಗ ಎಪ್ಪತ್ತೆಂಟು, ಕಿವಿ ಸ್ವಲ್ಪ ಮಂದ. "ವಾಯ್ದೆ ಸಿಕ್ತು ಮಾವ" ಅಂತ ಎರಡು ಸಲ ಜೋರಾಗಿ ಹೇಳಬೇಕಾಯಿತು.

"ಹೌದಾ? ತಡಿ, ತಡಿ" ಅಂದರು. ಕುರ್ಚಿ ಸರಿದ ಸದ್ದು. ಅತ್ತೆಯನ್ನು ಕೂಗಿದರು. "ಏ, ಆ ಕೆಂಪು ಪೆನ್ನು ಎಲ್ಲಿಟ್ಟಿದ್ದೀಯೇ?"